ಗೆಣಸಿನ ತಳಿ: ತಿನ್ನಿಸಿ ನೋಡಿ ಆರಿಸಿದ ನನ್ನ ಅನುಭವ

ಬೆಳಗಾವಿ, ಖಾನಾಪುರ ಕಡೆ ಗೆಣಸು ಹಚ್ಚುವವರಿಗೆ ಬಳ್ಳಿ ಹೇಗೆ ಕತ್ತರಿಸಬೇಕು, ಏರು ಎಷ್ಟಿರಬೇಕು ಅಂತ ನಾನು ಹೇಳಬೇಕಾಗಿಲ್ಲ. ತಳಿ ಆರಿಸಿದ್ದನ್ನಷ್ಟೇ ಬರೆಯುತ್ತೇನೆ. ಮೊದಲು ಗಿರಾಕಿಗೆ ತಿನ್ನಿಸಿ, ಆಮೇಲೆ ಹೊಲ ತುಂಬ ಹಚ್ಚುತ್ತೇನೆ ಅಂದಾಗ ಊರಲ್ಲಿ ನಕ್ಕವರೇ ಹೆಚ್ಚು. ಕಳೆದ ಸುಗ್ಗಿಯಲ್ಲಿ ಅವರೇ ಬಂದು ಬಳ್ಳಿ ಕೇಳಿದರು.

ಇದಕ್ಕೆ ಕೈ ಹಾಕಿಸಿದ್ದು ನಷ್ಟ. ಪರಿಚಯದವರು ಕೊಟ್ಟ ಕೇಸರಿ ತಿರುಳಿನ ಬಳ್ಳಿಯೊಂದನ್ನು ಕಾಲೆಕರೆಗೆ ಹಚ್ಚಿದ್ದೆ. ಗೆಡ್ಡೆ ಭರ್ಜರಿ. ಪೇಟೆಯಲ್ಲಿ ದಲಾಲಿ ಒಂದನ್ನು ಮುರಿದು ನೋಡಿ, “ಇದೇನ್ರೀ, ಗಜ್ಜರಿ (ಕ್ಯಾರೆಟ್) ತಂದೀರಿ” ಅಂದ. ಕೆಂಪು ಸಿಪ್ಪೆ, ಬಿಳಿ ತಿರುಳಿನ ಮಾಲಿಗೆ ಕ್ವಿಂಟಲಿಗೆ 1,500ರ ಆಸುಪಾಸು ಇದ್ದ ದಿನ ನನ್ನದು ಎಂಟುನೂರಕ್ಕೆ ಹೋಯಿತು. ಗಾಡಿ ಬಾಡಿಗೆ, ಹಮಾಲಿ ಕಳೆದರೆ ಕೀಳಿಸಿದ ಕೂಲಿಯೂ ಹುಟ್ಟಲಿಲ್ಲ. ಎಲ್ಲರೂ ಬಣ್ಣವನ್ನು ಬೈದರು. ಬೇಯಿಸಿ ತಿಂದಾಗ ನನಗೆ ಕಂಡದ್ದು ಬೇರೆ: ಬರೀ ನೀರು ನೀರು, ಸಿಪ್ಪೆ ಸುಲಿದರೆ ಕೈಯಲ್ಲೇ ಜಾರುತ್ತಿತ್ತು. ನಮ್ಮವರಿಗೆ ಗೆಣಸು ಹಿಟ್ಟಾಗಿ ಉದುರಬೇಕು, ತಿಂದ ಮೇಲೆ ಒಂದು ಗುಟುಕು ನೀರು ಕೇಳಬೇಕು. ಮೊಜಾಂಬಿಕ್, ಉಗಾಂಡಾದಲ್ಲಿ ಕೇಸರಿ ಗೆಣಸು ಹಬ್ಬಿಸಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತಲ್ಲ, ಅಲ್ಲಿಯೂ ದೊಡ್ಡವರು ಕೇಳಿದ್ದು ಹಿಟ್ಟಿನ ಗೆಣಸನ್ನೇ.

ಆಮೇಲೆ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಎರಡು ತಳಿಯ ಬಳ್ಳಿ ಸಿಕ್ಕಿತು: ಕೇಸರಿ ತಿರುಳಿನ ಭೂ ಸೋನಾ, ನೇರಳೆ ತಿರುಳಿನ ಭೂ ಕೃಷ್ಣಾ. ಭೂ ಸೋನಾದಲ್ಲಿ 100 ಗ್ರಾಂಗೆ 14 ಮಿ.ಗ್ರಾಂ ಬೀಟಾ ಕ್ಯಾರೋಟಿನ್ (ಮೈಯಲ್ಲಿ ಎ ವಿಟಮಿನ್ ಆಗುವ ಕೇಸರಿ ಬಣ್ಣದ ಅಂಶ) ಇದೆ ಅಂತ ಎಲ್ಲರೂ ಹೊಗಳುತ್ತಾರೆ. ನಾನು ಹಿಡಿದುಕೊಂಡದ್ದು ಇನ್ನೊಂದು ಅಂಕಿ: ಒಣ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಪಾಲು, ಶೇ 27ರಿಂದ 29. ಇದು ಹೆಚ್ಚಿದ್ದಷ್ಟೂ ಗೆಣಸು ಹಿಟ್ಟಾಗಿರುತ್ತದೆ. ಕೇಸರಿ ಗೆಣಸಿಗೆ ಅದು ಚೆನ್ನಾಗಿಯೇ ಆಯಿತು.

ಸಂತೆಯಲ್ಲಿ ಪುಕ್ಕಟೆ ತಿನ್ನಿಸಿ “ಹೆಂಗೈತ್ರಿ?” ಅಂತ ಕೇಳುತ್ತಾ ಒಂದು ಸುಗ್ಗಿ ಪೂರ್ತಿ ಹೋಯಿತು. ಎಲ್ಲರದೂ ಒಂದೇ ಉತ್ತರ, “ಚಲೋ ಐತ್ರಿ”. ಇದರಿಂದ ಏನೂ ತಿಳಿಯಲಿಲ್ಲ. ಮುಂದಿನ ಸಲ ಕೇಳುವುದನ್ನೇ ಬಿಟ್ಟೆ. ನಮ್ಮ ಊರ ತಳಿಯನ್ನೂ ಸೇರಿಸಿ ಮೂರು ಬೋಗುಣಿ, ಬೆರಳು ದಪ್ಪದ ತುಂಡು. ಎರಡನೇ ಸಲ ಕೈ ಯಾವುದಕ್ಕೆ ಹೋಗುತ್ತದೆ ಅಂತ ಮಾತ್ರ ನೋಡಿದೆ. ಪಕ್ಕದಲ್ಲೇ ಮೂರನ್ನೂ ಒಂದೇ ದರಕ್ಕೆ ಮಾರಾಟಕ್ಕಿಟ್ಟೆ. ರೊಕ್ಕ ಕೊಟ್ಟು ಒಯ್ದದ್ದೇ ಲೆಕ್ಕ.

ಮಕ್ಕಳ ಕೈ ಮತ್ತೆ ಮತ್ತೆ ಕೇಸರಿಗೆ. ವಯಸ್ಸಾದವರು ಊರ ತಳಿ ಬಿಡಲಿಲ್ಲ. ಏಕಾದಶಿ, ಶಿವರಾತ್ರಿಗೆ ಒಯ್ಯುವ ಹೆಣ್ಣುಮಕ್ಕಳು ತಿನ್ನುವ ಮೊದಲೇ ಗಾತ್ರ ನೋಡುತ್ತಿದ್ದರು. ಮುಷ್ಟಿಗಾತ್ರದ್ದೇ ಬೇಕು, ಎಲ್ಲವೂ ಒಟ್ಟಿಗೆ ಬೇಯುತ್ತವೆ ಅಂತ. ಬಾಯಿಗೆ ನಾರು ಸಿಕ್ಕರಂತೂ ಯಾರೂ ಮತ್ತೆ ಮುಟ್ಟುವುದಿಲ್ಲ. ದಪ್ಪ ಗೆಡ್ಡೆ ಅಂತ ಬೀಗುವವರು ಇದನ್ನು ನೋಡಬೇಕಿತ್ತು.

ಬಣ್ಣದ ಅಂಜಿಕೆ ಹೋಗಿಸಲು ಮನೆಯಲ್ಲಿ ಭೂ ಸೋನಾದ ಹೂರಣ ಮಾಡಿ ಗೆಣಸಿನ ಹೋಳಿಗೆ ತಟ್ಟಿಸಿದೆ. ಕೇಸರಿ ಒಲ್ಲೆ ಅಂದ ಹಿರಿಯರೇ ಎರಡೆರಡು ತಿಂದರು. ಭೂ ಕೃಷ್ಣಾ ನೇರಳೆ, ಬೇಯಿಸಿ ಮಾರಲು ಕಷ್ಟ. ದೋಸೆ ಹಿಟ್ಟಿಗೆ ರುಬ್ಬಿ ಹಾಕಿದೆವು. ನಿಂಬೆಹಣ್ಣು ಹಿಂಡಿದ ಕಡೆ ಗುಲಾಬಿ ಬಣ್ಣಕ್ಕೆ ತಿರುಗಿತು, ಅಡುಗೆ ಸೋಡಾ ಬಿದ್ದಲ್ಲಿ ನೀಲಿ. ಮಕ್ಕಳಿಗೆ ಅದೇ ಆಟವಾಯಿತು, ವ್ಯಾಪಾರ ಮಾತ್ರ ಇನ್ನೂ ಕುದುರಿಲ್ಲ.

ಬೇಯಿಸುವ ರೀತಿಯೂ ತೀರ್ಪು ಬದಲಿಸುತ್ತದೆ. ಕುಕ್ಕರಿನಲ್ಲಿ ಸೋತ ಗೆಡ್ಡೆಯೇ ಕುಳ್ಳಿನ ಬೂದಿಯಲ್ಲಿ ನಿಧಾನಕ್ಕೆ ಸುಟ್ಟಾಗ ಗೆದ್ದಿತು, ಸಿಪ್ಪೆಯೊಳಗಿಂದ ಪಾಕ ಜಿನುಗಿತ್ತು. ಹಾಗಾಗಿ ಎಲ್ಲ ತಳಿಯನ್ನೂ ಒಂದೇ ರೀತಿ ಬೇಯಿಸಿ. ಕಿತ್ತ ದಿನವೇ ಬೇಯಿಸಿ ರುಚಿ ತೀರ್ಮಾನಿಸಬೇಡಿ. ನಾನು ಎಷ್ಟು ದಿನ, ಹೇಗೆ ಇಡುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಈಗ ಭೂ ಸೋನಾ ಪೇಟೆಗೆ ಹೋಗುವುದೇ ಇಲ್ಲ. ಮುಷ್ಟಿಗಾತ್ರದ್ದನ್ನು ಆರಿಸಿ ಸಂತೆಯಲ್ಲೂ ಪರಿಚಯದ ಮನೆಗಳಿಗೂ ಕೆಜಿಗೆ ನಲವತ್ತರ ಹಾಗೆ ಕೊಡುತ್ತೇನೆ. ಹೊಲದ ಮುಕ್ಕಾಲು ಪಾಲು ಊರ ತಳಿಯೇ, ಅದು ಪೇಟೆಗೆ. ಈ ಮಳೆಗಾಲಕ್ಕೆ ಕೇಸರಿಯನ್ನು ಅರ್ಧ ಎಕರೆಗೆ ಏರಿಸುತ್ತಿದ್ದೇನೆ. ಬಳ್ಳಿ ಬೇಕಾದವರು ರೋಹಿಣಿ ಮಳೆಗೆ ಮುಂಚೆಯೇ ಹೇಳಿಡಿ, ಆಮೇಲೆ ಉಳಿಯುವುದಿಲ್ಲ.