ಬೇಸಿಗೆಗೆ ಮೊದಲು ತಾರಸಿ ನೋಡಿಕೊಳ್ಳಿ

ಮಾರ್ಚ್ ಕಳೆಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಬೈಯಬೇಕಾದ್ದು ತಾರಸಿಯನ್ನು. ಹೆಂಚಿನ ಮನೆ ಮಧ್ಯಾಹ್ನ ಎಷ್ಟೇ ಕಾದರೂ ಸಂದಿಯಲ್ಲಿ ಗಾಳಿಯಾಡಿ ಸಂಜೆಗೆ ಆರುತ್ತದೆ. ಕಾಂಕ್ರೀಟು ಹಾಗಲ್ಲ, ಹಗಲೆಲ್ಲ ಹೀರಿದ ಕಾವನ್ನು ನಡುರಾತ್ರಿಯವರೆಗೂ ಕೆಳಗೆ ಬಿಡುತ್ತಲೇ ಇರುತ್ತದೆ. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ.

ಆದ್ದರಿಂದ ಮೊದಲು ಸುಣ್ಣ ಬಳಿಯಿರಿ. 5 ಕೆಜಿ ಹರಳುಸುಣ್ಣಕ್ಕೆ 20 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕೊತಕೊತ ಕುದ್ದು ಕಣ್ಣಿಗೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಾದರೆ ಬಾಗಿಹೋಗುತ್ತದೆ. ರಾತ್ರಿಯಿಡೀ ನೆನೆಯಲಿ, ಮರುದಿನ ಬಟ್ಟೆಯಲ್ಲಿ ಸೋಸಿ ಅರ್ಧ ಕೆಜಿ ಬಿಳಿ ಅಂಟು ಕಲಸಿ. ಬಳಿಯುವುದು ಸಂಜೆಯೇ ಆಗಬೇಕು, ಅದೂ ತಾರಸಿ ಗುಡಿಸಿ ಒದ್ದೆ ಮಾಡಿದ ಮೇಲೆ. ಬಿಸಿಲಲ್ಲಿ ಬಳಿದ ಸುಣ್ಣ ತಕ್ಷಣ ಒಣಗಿ, ಕಚ್ಚಿಕೊಳ್ಳದೆ ಪುಡಿಯಾಗಿ ಏಳುತ್ತದೆ. ಎರಡು ಕೋಟು ಬೇಕು. ಎಸಿ ಇರುವವರೂ ಇದನ್ನು ಮಾಡಲಿ, ಕರೆಂಟ್ ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ತೋಟದ ನೆಂಟರಿದ್ದರೆ ಅಡಿಕೆ ಸೋಗೆ ತರಿಸಿ. ಅದನ್ನು ನೇರ ತಾರಸಿ ಮೇಲೆ ಹಾಸಬೇಡಿ. ಗಳ ಕಟ್ಟಿ, ಕೆಳಗೆ ಒಂದು ಮೊಳವಾದರೂ ಗಾಳಿಗೆ ಜಾಗ ಬಿಟ್ಟು ಹೊದಿಸಿ. ಏಪ್ರಿಲ್‌ನ ಗುಡುಗುಮಳೆ ಗಾಳಿಗೆ ಹಾರದಂತೆ ತೆಂಗಿನ ಹಗ್ಗದಲ್ಲಿ ಬಿಗಿಯಿರಿ. ಉದುರಿದ ಗರಿ ನೀರು ಹೋಗುವ ಪೈಪಿಗೆ ಸಿಕ್ಕಿಕೊಳ್ಳುವುದರಿಂದ ಬಾಯಿಗೆ ಜಾಲರಿ ಇರಲಿ. ಒಣಸೋಗೆಗೆ ಬೆಂಕಿ ಬೇಗ ಹತ್ತುತ್ತದೆ, ಹತ್ತಿರ ನೀರೊಲೆಯ ಹೊಗೆಕೊಳವೆ ಇರುವ ಮನೆಗೆ ಇದು ಬೇಡವೇ ಬೇಡ. ಇನ್ನು ಮಟಮಟ ಮಧ್ಯಾಹ್ನ ಕಾದ ತಾರಸಿಗೆ ಕೊಡಗಟ್ಟಲೆ ನೀರು ಸುರಿಯುವ ಅಭ್ಯಾಸ ಬಿಡಿ. ಕೂದಲೆಳೆ ಬಿರುಕು ಬಿಟ್ಟರೆ ಮಲೆನಾಡಿನ ಜೂನ್ ಅದನ್ನು ಹುಡುಕಿಕೊಂಡೇ ಬರುತ್ತದೆ.

ಕಿಟಕಿಯ ಲೆಕ್ಕ ಸುಲಭ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ಪಡುವಣದ ಕಿಟಕಿಗೆ ಹೊರಗಡೆಯಿಂದ ಚಾಪೆ ಇಳಿಬಿಡಿ. ಒಳಗಿನ ಪರದೆಗೆ ತಾಗುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ಹೊರಗೆ ತಣ್ಣಗಾದ ಮೇಲೆ ಎಲ್ಲ ತೆರೆದು, ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಡಿ. ಒಳಗಿನ ಬಿಸಿ ಹೊರಗೆ ಹೋದರೆ ಎದುರು ಕಿಟಕಿಯಿಂದ ತಂಪು ತಾನೇ ಬರುತ್ತದೆ. ಮೋಡ ಕಟ್ಟಿ ಸೆಖೆಯಾದ ದಿನ ನೆಲ ಒದ್ದೆ ಮಾಡುವುದಾಗಲಿ, ಕಿಟಕಿ ಮುಚ್ಚಿ ಕೂಲರ್ ಹಾಕುವುದಾಗಲಿ ಕೂಡದು. ಬೆವರು ಆರದೆ ಇನ್ನೂ ಉಸಿರುಗಟ್ಟಿದಂತಾಗುತ್ತದೆ.

ಕುಡಿಯುವ ನೀರಿಗೆ ಬಣ್ಣ ಬಳಿಯದ ಮಣ್ಣಿನ ಗಡಿಗೆಯೇ ಸರಿ. ಒದ್ದೆ ಮರಳಿನ ಮೇಲೆ, ಗಾಳಿಯಾಡುವ ನೆರಳಲ್ಲಿ ಇಡಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದರ ವಾಸನೆ ಹಿಡಿದುಬಿಡುತ್ತದೆ.

ಊಟಕ್ಕೆ ತಂಬುಳಿ ಇದ್ದರೆ ಬೇಸಿಗೆಯೂ ರುಚಿಯೇ. ಒಂದು ಹಿಡಿ ಒಂದೆಲಗ ತೊಳೆದಿಟ್ಟುಕೊಳ್ಳಿ. ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ತುಪ್ಪದಲ್ಲಿ ಹುರಿದು, ಅದೇ ಬಿಸಿಗೆ ಸೊಪ್ಪು ಬಾಡಿಸಿ, ಅರ್ಧ ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ. ಪೂರ್ತಿ ಆರಿದ ಮೇಲೆ ಎರಡು ಲೋಟ ಮಜ್ಜಿಗೆ, ಉಪ್ಪು. ಬಿಸಿಯಿದ್ದಾಗಲೇ ಕಲಸಿದರೆ ಮಜ್ಜಿಗೆ ಒಡೆಯುತ್ತದೆ. ಕಾಯಿ ಸೇರಿದ್ದು ಈ ಸೆಖೆಗೆ ಬೇಗ ಹಳಸುತ್ತದೆ. ಊಟದ ಎಲೆ ಹಾಕುವ ಮುಂಚೆ ಮಾಡಿ, ಉಳಿಸಬೇಡಿ. ಸಂಜೆಗೆ ಹತ್ತು ಹನ್ನೆರಡು ಒಣ ಮುರುಗಲು (ಕೋಕಂ) ಸಿಪ್ಪೆಯನ್ನು ಎರಡು ಲೋಟ ನೀರಲ್ಲಿ ಮೂರು ಗಂಟೆ ನೆನೆಸಿ ಕಿವುಚಿ, ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿದರೆ ಪಾನಕ ಆಯಿತು.

ಬೆವರಿ ಸುಸ್ತಾದವರಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮಮಟ್ಟಕ್ಕೆ ಅಳೆದು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಆದರೆ ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಅಸಂಬದ್ಧವಾಗಿ ಮಾತಾಡಿದರೆ ಪಾನಕದ ಕಾಲ ಮೀರಿತು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ನೆರಳಲ್ಲಿ ಮಲಗಿಸಿ ಮೈಗೆಲ್ಲ ತಣ್ಣೀರು ಹಾಕುತ್ತ ಗಾಳಿ ಬೀಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.