ಗೋದಲಿಗೆ ಗೋಧಿ

"ಗೋದಲಿಗೆ ಗೋಧಿಯಾ?" ಅಂತ ಅಪ್ಪ ಫೋನಿನಲ್ಲೇ ನಕ್ಕರು. ಚರ್ಚಿನಲ್ಲಿ ನಮ್ಮ ವಾರ್ಡಿನ ಮುಖ್ಯಸ್ಥರು, ಗುರ್ಕಾರರೂ ನಕ್ಕರು. ಹೆಂಡತಿ ನಗಲಿಲ್ಲ, ಟಿವಿ ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದಳು ಅಷ್ಟೇ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ. 2024ರ ಕ್ರಿಸ್‌ಮಸ್‌ಗೆ ನಮ್ಮ ಗೋದಲಿಯಲ್ಲಿ, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿಯಲ್ಲಿ, ಹೆಚ್ಚುಕಮ್ಮಿ ಗೇಣುದ್ದದ ಹಸಿರು ಪೈರು ನಿಂತಿತ್ತು. ಅದೂ ಬೆಂಗಳೂರಿನ ಎರಡನೇ ಮಹಡಿಯ ಫ್ಲಾಟಿನಲ್ಲಿ. ನಕ್ಕವರೇ ಬಂದು ಫೋಟೋ ತೆಗೆದುಕೊಂಡು ಹೋದರು. ಇಷ್ಟಕ್ಕೆ ಆರು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು.

ಊರಲ್ಲಿ, ಉಡುಪಿ ಕಡೆ, ಇದೊಂದು ವಿಷಯವೇ ಅಲ್ಲ. ಡಿಸೆಂಬರ್ ಅರ್ಧ ಕಳೆಯುವಾಗ ಅಪ್ಪ ಭತ್ತ ನೆನೆಸಿ, ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ಒಡೆದ ಮೇಲೆ ಹಳೇ ತಗಡಿನ ತಟ್ಟೆಗಳಲ್ಲಿ ಹರಡುತ್ತಿದ್ದರು. ಹಬ್ಬಕ್ಕೆ ಸರಿಯಾಗಿ ಗೋದಲಿಗೆ ನೇಜಿ, ಅಂದರೆ ಭತ್ತದ ಸಸಿ, ರೆಡಿ. ನಡುವೆ ಕನ್ನಡಿ ಚೂರಿನ ಕೆರೆ, ಕೆರೆಯಲ್ಲಿ ಕುರಿಗಿಂತ ದೊಡ್ಡ ಬಾತುಕೋಳಿ. ನತಾಲಾಂ, ನಮ್ಮ ಕೊಂಕಣಿಯ ಕ್ರಿಸ್‌ಮಸ್, ಅಂದರೆ ಬೇರೆಯವರಿಗೆ ಕೇಕಿನ ವಾಸನೆ ಇರಬಹುದು. ನನಗೆ ಆ ಒದ್ದೆ ಮಣ್ಣಿನ ವಾಸನೆ.

2019ರಲ್ಲಿ ಅದನ್ನೇ ಇಲ್ಲಿ ಮಾಡಲು ಹೋದೆ. ಊರಿಂದ ಒಂದು ಸೇರು ಭತ್ತ ಬಸ್ಸಿನಲ್ಲಿ ತರಿಸಿದೆ. ಬಾಲ್ಕನಿಯಲ್ಲಿಟ್ಟ ತಟ್ಟೆಗಳಲ್ಲಿ ಅರ್ಧವನ್ನು ಪಾರಿವಾಳ ಮುಗಿಸಿದವು. ಉಳಿದರ್ಧ ಏಳಲೇ ಇಲ್ಲ. ರಾತ್ರಿ 15–16 ಡಿಗ್ರಿಗೆ ಇಳಿಯುವ ಊರಿನಲ್ಲಿ ಭತ್ತ ಮುದುಡಿ ಕೂರುತ್ತದೆ ಅಂತ ನನ್ನ ತಲೆಗೆ ಹೋಗಿರಲಿಲ್ಲ. ಬಾಲಯೇಸು ಹುಟ್ಟುವ ಹೊತ್ತಿಗೆ ನನ್ನ ಗದ್ದೆ ಮೂರು ದಿನದ ಗಡ್ಡದ ಹಾಗಿತ್ತು.

ಮರುವರ್ಷ ರಾಗಿ. ಚಳಿ, ಪಾರಿವಾಳ ಎರಡೂ ಬೇಡ ಅಂತ ಮಲಗುವ ಕೋಣೆಯಲ್ಲಿ ಇಟ್ಟೆ. ಒತ್ತಾಗಿ ಬಿತ್ತಿದ್ದೆ, ಆಫೀಸ್ ಕೆಲಸ ಮುಗಿದ ಮೇಲೆ ರಾತ್ರಿ ನೀರು ಹಾಕುತ್ತಿದ್ದೆ. ಎರಡೂ ತಪ್ಪು. ಬುಡದಲ್ಲಿ ಬಿಳಿ ಬೂಸ್ಟು ಬಂತು. ಮಗಳು "ಅಪ್ಪಾ, ಸ್ನೋ!" ಅಂತ ಕುಣಿದಳು. 22ನೇ ತಾರೀಕು ರಾತ್ರಿ ಯಾರಿಗೂ ಕಾಣದ ಹಾಗೆ ಎಸೆದು ಬಂದೆ.

2021ರಲ್ಲಿ ಸೋತು ಪ್ಲಾಸ್ಟಿಕ್ ಹುಲ್ಲಿನ ಹಾಸು ತಂದೆ. ಅದಕ್ಕೆ 600 ಚಿಲ್ಲರೆ. ಜೊತೆಗೆ ಹೊಸ ಗೊಂಬೆ ಸೆಟ್ಟು, ಸುಮಾರು 2,200. ನೋಡಲು ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ವರ್ಷ ಗೋದಲಿಯ ಮುಂದೆ ಕೂತು ಜಪಸರ ಹಿಡಿದರೆ ಅಂಗಡಿಯ ಶೋಕೇಸ್ ಮುಂದೆ ಕೂತ ಹಾಗಾಗುತ್ತಿತ್ತು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ ಮೊದಲ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆ, ಒಣಹುಲ್ಲು ತರಿಸಿದ್ದರು. ನಾನು ಒಂದು ತಟ್ಟೆ ಪೈರಿಗೂ ಗತಿಯಿಲ್ಲದವನಾದೆನಲ್ಲ ಅನ್ನಿಸಿತು.

ದಾರಿ ತೋರಿಸಿದ್ದು ನಮ್ಮ ಚರ್ಚಿನವರಲ್ಲ, ಕೆಳಗಿನ ಮನೆಯ ಅಜ್ಜಿ. ನವರಾತ್ರಿಗೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಮುಂದೆ ಒಂದು ಪಾರ್ಕು ಇರುತ್ತದೆ, ಅಲ್ಲಿ ರಾಗಿ, ಸಾಸಿವೆ ಬಿತ್ತಿರುತ್ತಾರೆ. ಒಂದು ಚೂರು ಬೂಸ್ಟಿಲ್ಲ. ಕೇಳಿದೆ. "ನೀರು ಬೆಳಿಗ್ಗೆ ಮಾತ್ರ. ಸುರಿಯಬಾರದು, ಚಿಮುಕಿಸಬೇಕು. ಡಿಸೆಂಬರ್ ಚಳಿಗೆ ನಿಮಗೆ ಗೋಧಿಯೇ ಸರಿ" ಅಂದರು. ನೆನೆಸುವ ನೀರಿಗೆ ಇನ್ನೊಂದು ಹಾಕಲು ಹೇಳಿದರು. ಅದನ್ನು ಬರೆಯುವುದಿಲ್ಲ. ಅಜ್ಜಿ ಹೇಳಬೇಡ ಅಂದಿಲ್ಲ, ನಾನೇ ಹೇಳುತ್ತಿಲ್ಲ.

ಅಪ್ಪನ ತಕರಾರು ಶುರುವಾಗಿದ್ದು ಆಗಲೇ. ನಾವು ಭತ್ತದವರು, ಗೋಧಿ ನಮ್ಮದಲ್ಲ ಅಂತ. ನನ್ನ ಹತ್ತಿರ ಒಂದೇ ಉತ್ತರ ಇತ್ತು. ಬೆತ್ಲೆಹೇಮ್ ಅನ್ನುವ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಅಂತ ಅರ್ಥ. ಪೂಜೆಯಲ್ಲಿ ನಾವು ನಾಲಿಗೆಗೆ ತೆಗೆದುಕೊಳ್ಳುವ ಪರಮಪ್ರಸಾದವೂ ಗೋಧಿಯದ್ದೇ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರಿ, ಆದರೂ ನೇಜಿಯ ಚಂದ ಬರಲ್ಲ" ಅಂದರು. ಚಂದದ ವಿಷಯದಲ್ಲಿ ಅವರೇ ಸರಿ, ಒಪ್ಪುತ್ತೇನೆ.

ಗೋಧಿ ಹಿಡಿದ ಮೇಲೂ ಎರಡು ವರ್ಷ ಹಾಳು. ಈ ಸಲ ಕೈಕೊಟ್ಟಿದ್ದು ಕ್ಯಾಲೆಂಡರ್. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಮೂರನೇ ಭಾನುವಾರ, ಗುಲಾಬಿ ಮೇಣದಬತ್ತಿ ಹಚ್ಚುವ ದಿನ ಬಿತ್ತುವುದು ಅಂತ ನಿಯಮ ಮಾಡಿಕೊಂಡೆ. ಕೇಳಲು ಎಷ್ಟು ಚಂದ ಅಲ್ವಾ? 2022ರಲ್ಲಿ ಆ ಭಾನುವಾರ 11ಕ್ಕೆ ಬಂತು. ಹಬ್ಬಕ್ಕೆ ಪೂರ್ತಿ ಹದಿನಾಲ್ಕು ದಿನ. ಪೈರು ಉದ್ದವಾಗಿ, ಕಿಟಕಿ ಕಡೆ ವಾಲಿ, ಕುರುಬರ ಮೇಲೆ ಮಲಗಿತು. 2023ರಲ್ಲಿ ಅದೇ ಭಾನುವಾರ 17ಕ್ಕೆ. ನಾಲ್ಕನೇ ಭಾನುವಾರವೇ 24. ಎಂಟು ದಿನದಲ್ಲಿ ಎರಡೂವರೆ ಇಂಚು. ಗಾಬರಿಯಾಗಿ ಜಾಸ್ತಿ ನೀರು ಹಾಕಿದೆ. ತಟ್ಟೆಯ ಮೂಲೆಯಲ್ಲಿ ಕೂದಲಿನಷ್ಟು ಬಿರುಕಿತ್ತು. ನೀರು ಸೋರಿ ಟಿವಿ ಸ್ಟ್ಯಾಂಡಿನ ಪ್ಲೈವುಡ್ ಹಪ್ಪಳದ ಹಾಗೆ ಉಬ್ಬಿತು. ರಿಪೇರಿಗೆ ನಾಲ್ಕು ಸಾವಿರದ ಮೇಲೆ. ಹೆಂಡತಿಯ ನೋಟದ ಅರ್ಥ ಈಗ ಗೊತ್ತಾಯಿತಲ್ಲ.

ಆಮೇಲೆ ಓದಿದ್ದು: ಕ್ರೊವೇಷಿಯಾ, ಹಂಗೇರಿ ಕಡೆಯವರು ಡಿಸೆಂಬರ್ 13ಕ್ಕೆ, ಸಂತ ಲೂಸಿಯಾ ಹಬ್ಬದ ದಿನ, ತಟ್ಟೆಯಲ್ಲಿ ಗೋಧಿ ಬಿತ್ತಿ ಕ್ರಿಸ್‌ಮಸ್‌ಗೆ ಮೇಜಿನ ಮೇಲಿಡುತ್ತಾರೆ. ಭಾನುವಾರದ ಗೊಡವೆಯೇ ಇಲ್ಲ. ಯಾವ ವರ್ಷವಾದರೂ ಹನ್ನೆರಡು ದಿನ. ನಾನು ಐದು ವರ್ಷ ತಲೆ ಕೆಡಿಸಿಕೊಂಡದ್ದು ಅವರ ಹಳ್ಳಿಗಳ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು.

2024ರಲ್ಲಿ 12ರ ಬೆಳಿಗ್ಗೆ ಕಾಲು ಕೆಜಿ ಗೋಧಿ ನೆನೆಸಿದೆ. ಕಿರಾಣಿ ಅಂಗಡಿಯದ್ದೇ. ಸಂಜೆ ಬಸಿದು ಹಳೇ ಪಂಚೆಯಲ್ಲಿ ಕಟ್ಟಿ, ಬೆಚ್ಚಗಿರಲಿ ಅಂತ ಫ್ರಿಜ್ಜಿನ ಮೇಲೆ ಇಟ್ಟೆ. 13ಕ್ಕೆ ಬಿಳಿ ಮೂತಿ ಕಾಣಿಸಿತು. ತಟ್ಟೆಯಲ್ಲಿ ಒಂದಿಂಚು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದರ ಮೇಲೆ ಕಾಳು ಕಾಳಿಗೆ ತಾಗಿದರೂ ಒಂದರ ಮೇಲೊಂದು ಕೂರದ ಹಾಗೆ ಹರಡಿದೆ. ಎರಡು ದಿನ ಒದ್ದೆ ಪೇಪರ್ ಮುಚ್ಚಿಟ್ಟೆ. ಮೂರನೇ ದಿನ ಪೇಪರನ್ನು ಮೊಳಕೆಗಳೇ ಎತ್ತಿ ಹಿಡಿದಿದ್ದವು. ಕೆಳಗೆ ಇಣುಕಿದರೆ ಎಲ್ಲ ತಿಳಿ ಹಳದಿ, ಪ್ರತಿ ತುದಿಯಲ್ಲೂ ಒಂದು ಹನಿ. ಮಗಳನ್ನು ಎಬ್ಬಿಸಿ ತೋರಿಸಿದೆ. ಬಿಸಿಲಿಗಿಟ್ಟ ಒಂದೇ ದಿನಕ್ಕೆ ಹಸಿರು. ದಿನಾ ತಟ್ಟೆ ತಿರುಗಿಸುವುದನ್ನು ಮಾತ್ರ ಮರೆಯಬೇಡಿ. ಕೆಳಗೆ ಸ್ಟೀಲ್ ತಟ್ಟೆ ಇಟ್ಟಿದ್ದೆ. ಪಾಠ ಕಲಿತಿದ್ದೇನೆ.

ಖರ್ಚು ಗೋಧಿಗೆ ಹನ್ನೆರಡು ರೂಪಾಯಿ, ಕೊಕೊಪೀಟಿಗೆ ನೂರೈವತ್ತೋ ಏನೋ, ಅದರಲ್ಲೂ ಅರ್ಧ ಉಳಿದಿದೆ. ಹೊಸ ಗೊಂಬೆ ಸೆಟ್ಟು ಒಳಗಿಟ್ಟು ಊರಿನ ಹಳೇ ಮಣ್ಣಿನ ಗೊಂಬೆಗಳನ್ನೇ ಇಟ್ಟೆ. ಸಂತ ಜೋಸೆಫರ ಕುತ್ತಿಗೆಗೆ ಫೆವಿಕಾಲ್, ಕತ್ತೆಗೆ ಒಂದೇ ಕಿವಿ. ವಾರ್ಡಿನ ಗೋದಲಿ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಮೊದಲನೆಯದು ಬಂದಿದ್ದು ಮೋಟಾರ್ ಜಲಪಾತ ಇಟ್ಟವರಿಗೆ. ಇರಲಿ.

ಜೊತೆಗೆ ಇನ್ನೆರಡು ಪ್ರಯೋಗ ನಡೆದವು. ಒಂದು ಒಳ್ಳೆಯ ಕೆಲಸಕ್ಕೆ ಒಂದು ಹುಲ್ಲುಕಡ್ಡಿ ಅಂತ ಮಗಳಿಗೆ ಹೇಳಿದೆ. 24ರ ರಾತ್ರಿಯವರೆಗೆ ತೊಟ್ಟಿಲು ಖಾಲಿ, ಅಷ್ಟರೊಳಗೆ ಅವಳು ಮೆತ್ತಗೆ ಮಾಡಬೇಕು. ಒಂದೇ ಸಂಜೆಯಲ್ಲಿ ನಲವತ್ತು ಕಡ್ಡಿ ಹಾಕಿದಳು. ಲೆಕ್ಕ ಕೇಳಿದರೆ "ನಿನಗೆ ಹೇಳಿದರೆ ಪುಣ್ಯ ಹೋಗುತ್ತೆ" ಅಂದಳು. ಒಳ್ಳೆಯದನ್ನು ಗುಟ್ಟಾಗಿ ಮಾಡು ಅನ್ನುವ ಬೈಬಲ್ ವಾಕ್ಯ ಓದಿಸಿದ್ದು ನಾನೇ, ಏನು ಮಾಡಲಿ? ಎರಡನೆಯದು ಗುಳಿಯೊ, ಎಣ್ಣೆಯಲ್ಲಿ ಕರಿಯುವ ಉಂಡೆ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಪೂರ್ತಿ ಮನೆಯಲ್ಲೇ ಅಂತ ಹಟ ಹಿಡಿದೆ. ಕಿಡಿಯೊ, ನೆವ್ರಿ ಸರಿಯಾದವು. ಗುಳಿಯೊ ಎಣ್ಣೆಯಲ್ಲಿ ಪಟಾಕಿಯ ಹಾಗೆ ಸಿಡಿದವು. ಚಾವಣಿಯ ಮೇಲೆ ಕಲೆ ಈಗಲೂ ಇದೆ. ಉಳಿದ ಕುಸ್ವಾರಿನಲ್ಲಿ ಮೊದಲ ತಟ್ಟೆ ಕೆಳಗಿನ ಅಜ್ಜಿಗೆ. ಮೊಟ್ಟೆ ಇಲ್ಲದ್ದನ್ನು ಬೇರೆ ಮಾಡಿದ್ದೆವು.

24ರ ರಾತ್ರಿ ಪೂಜೆ ಮುಗಿಸಿ ಬಂದಾಗ ಹನ್ನೆರಡು ದಾಟಿತ್ತು. ದೊಡ್ಡ ಲೈಟು ಹಾಕಲಿಲ್ಲ. ಮಗಳು ಬಾಲಯೇಸುವನ್ನು ಆ ನಲವತ್ತು ಕಡ್ಡಿಗಳ ಮೇಲೆ ಮಲಗಿಸಿದಳು. ಫ್ಯಾನ್ ಗಾಳಿಗೆ ಪೈರು ಅಲುಗಿತು. ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆವು. ತುಂಬಾ ಹೊತ್ತು ನೋಡಿ, "ಕೆರೆ ಎಲ್ಲಿ?" ಅಂತ ಕೇಳಿದರು. ಕೆರೆ ಮರೆತೇ ಹೋಗಿತ್ತು. ಹೆಂಡತಿ ತನ್ನ ಪರ್ಸಿನ ಕನ್ನಡಿ ತಂದಿಟ್ಟಳು.

ಜನವರಿ 6ರವರೆಗೆ ಬಾಲಯೇಸುವನ್ನು ನೋಡಲು ಬರುವ ಮೂವರು ಜ್ಞಾನಿಗಳ ಗೊಂಬೆಗಳನ್ನು ದಿನಕ್ಕೊಂದು ಗೇಣು ಮುಂದೆ ಸರಿಸಿದೆವು. ಅವರು ತಲುಪುವಷ್ಟರಲ್ಲಿ ಪೈರು ಹಳದಿಗೆ ತಿರುಗಿ ಬಾಗಿತ್ತು. ಮಾರನೇ ದಿನ ತಟ್ಟೆ ಎತ್ತಿಕೊಂಡು ಹಾಲಿನವರ ಹಟ್ಟಿಗೆ ಹೋದೆ. ಅಲ್ಲಿ ಮೇವು ಹಾಕುವ ನಿಜವಾದ ಗೋದಲಿಯಲ್ಲಿ ಸುರಿದ ಕೂಡಲೇ ಹಸು ಬೇರು ಸಮೇತ ಕಿತ್ತು ತಿಂದಿತು. ಕೊಕೊಪೀಟ್ ಮಾತ್ರ ಉಗಿಯಿತು.