ನಕ್ಷೆಯ ಹಿಂದಿನ ಲೆಕ್ಕ

ಕಿರು ಜಲವಿದ್ಯುತ್ ಟರ್ಬೈನ್‌ಗಳನ್ನು ಪೂರ್ವ ಆಫ್ರಿಕಾದ ಗುಡ್ಡನಾಡಿನ ಒಂದು ವರ್ಕ್‌ಶಾಪಿನಲ್ಲಿ, ಅಲ್ಲಿನ ಮೇಸ್ತ್ರಿಗಳಿಂದಲೇ ತಯಾರು ಮಾಡಿಸುವ ಯೋಜನೆಯಲ್ಲಿ ನಾನು ಕೆಲವು ವರ್ಷ ದುಡಿದೆ. ಕಡತಗಳಲ್ಲಿ ಇದಕ್ಕೆ ತಂತ್ರಜ್ಞಾನ ವರ್ಗಾವಣೆ ಎನ್ನುತ್ತಾರೆ. ಮುಂದುವರಿದ ದೇಶಗಳು ಪರಿಸರಕ್ಕೆ ಒಗ್ಗುವ ತಂತ್ರಜ್ಞಾನವನ್ನು ಅಭಿವೃದ್ಧಿಶೀಲ ದೇಶಗಳಿಗೆ ತಲುಪಿಸಲು ನೆರವಾಗಬೇಕು ಎಂದು 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ 4ನೇ ವಿಧಿ ಹೇಳುತ್ತದೆ. 2010ರಲ್ಲಿ ಮೆಕ್ಸಿಕೋದ ಕ್ಯಾನ್‌ಕೂನ್‌ನಲ್ಲಿ ಆ ಒಪ್ಪಂದದ ದೇಶಗಳು ಸೇರಿದಾಗ ಅದಕ್ಕಾಗಿ ಒಂದು ವ್ಯವಸ್ಥೆಯನ್ನೂ ರೂಪಿಸಿದರು. 2015ರ ಪ್ಯಾರಿಸ್ ಒಪ್ಪಂದದ 10ನೇ ವಿಧಿಯೂ ಇದೇ ವಿಷಯದ್ದು. ಹಣ ಯಾರು ಕೊಡಬೇಕು, ಪೇಟೆಂಟ್ ಯಾರ ಕೈಯಲ್ಲಿದೆ ಎಂಬ ವಾದ ಈ ಸಭೆಗಳಲ್ಲಿ ಬಹಳ ನಡೆದಿದೆ. ನನ್ನ ಕೆಲಸಕ್ಕೆ ಪೇಟೆಂಟ್ ಒಮ್ಮೆಯೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಪೈಪಿನ ಅಳತೆ.

ನಾವು ಆರಿಸಿಕೊಂಡದ್ದು ಕ್ರಾಸ್‌ಫ್ಲೋ ಟರ್ಬೈನ್. ಆಸ್ಟ್ರೇಲಿಯಾದ ಆಂಟನಿ ಮಿಚೆಲ್ ಇದಕ್ಕೆ 1903ರಲ್ಲಿ ಪೇಟೆಂಟ್ ಪಡೆದರು. ಹಂಗೇರಿಯ ಡೋನಾಟ್ ಬಾಂಕಿ, ಜರ್ಮನಿಯ ಫ್ರಿಟ್ಸ್ ಓಸ್‌ಬರ್ಗರ್ ಅದನ್ನು ಮುಂದಕ್ಕೆ ಬೆಳೆಸಿದರು. ಆ ಹಕ್ಕುಗಳ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಯಂತ್ರದ ರಚನೆ ಸರಳ: ಎರಡು ದುಂಡು ತಟ್ಟೆಗಳ ನಡುವೆ ಸುತ್ತಲೂ ಬಾಗಿದ ಅಲಗುಗಳು. ಚಪ್ಪಟೆ ಧಾರೆಯಾಗಿ ಬರುವ ನೀರು ಒಂದು ಬದಿಯ ಅಲಗುಗಳನ್ನು ತಳ್ಳಿ ಒಳಗಿನ ಖಾಲಿ ಜಾಗವನ್ನು ದಾಟಿ, ಎದುರು ಬದಿಯ ಅಲಗುಗಳನ್ನು ಇನ್ನೊಮ್ಮೆ ತಳ್ಳಿ ಹೊರಬೀಳುತ್ತದೆ. ಎರಕ ಹೊಯ್ಯಬೇಕಾಗಿಲ್ಲ, ಲೇತ್, ವೆಲ್ಡಿಂಗ್ ಯಂತ್ರ, ಗ್ರೈಂಡರ್ ಇದ್ದರೆ ಕೆಲಸ ನಡೆಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಫ್ರಾನ್ಸಿಸ್ ಟರ್ಬೈನ್‌ನಷ್ಟು ದಕ್ಷತೆ ಇದಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆ ಇಳಿದು ನೀರು ಅರ್ಧವಾದಾಗಲೂ ಇದರ ದಕ್ಷತೆ ಹೆಚ್ಚು ಕುಸಿಯುವುದಿಲ್ಲ. ಸಣ್ಣ ಹೊಳೆಗಳನ್ನೇ ನಂಬಿದವರಿಗೆ ಆ ಗುಣ ದೊಡ್ಡದು.

ಈ ದಾರಿಯನ್ನು ನಮಗಿಂತ ಮೊದಲು ತುಳಿದದ್ದು ನೇಪಾಳ. 1960ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಕಾಠ್ಮಂಡುವಿನಲ್ಲಿ ಶುರುವಾದ ಬಾಲಾಜು ಯಂತ್ರಶಾಲೆ ಮತ್ತು ಬುಟ್ವಲ್‌ನ ವರ್ಕ್‌ಶಾಪುಗಳು 1970ರ ದಶಕದಲ್ಲಿ ಕ್ರಾಸ್‌ಫ್ಲೋ ಟರ್ಬೈನ್ ತಯಾರಿಕೆಗೆ ಕೈಹಾಕಿದವು. ಅಲ್ಲಿ ಟರ್ಬೈನ್ ಮೊದಲು ವಿದ್ಯುತ್ ಕೊಡಲಿಲ್ಲ. ಬೆಲ್ಟ್ ಹಾಕಿ ನೇರವಾಗಿ ಭತ್ತದ ಗಿರಣಿ, ಹಿಟ್ಟಿನ ಗಿರಣಿ, ಎಣ್ಣೆ ಗಾಣಗಳನ್ನು ತಿರುಗಿಸಿತು. ಗಿರಣಿಯವರು ಕೃಷಿ ಅಭಿವೃದ್ಧಿ ಬ್ಯಾಂಕಿನ ಸಾಲ ತೆಗೆದುಕೊಂಡು ಅದನ್ನು ಕೊಂಡರು, ಗಿರಣಿಯ ದುಡಿಮೆಯಿಂದಲೇ ಸಾಲ ತೀರಿಸಿದರು. ಸಂಜೆಯ ದೀಪಕ್ಕೆಂದು ಜನರೇಟರ್ ಜೋಡಿಸಿದ್ದು ಆಮೇಲೆ. ಹಗಲಿನಲ್ಲಿ ದುಡಿಯುವ ಯಂತ್ರವಿದ್ದ ಕಡೆ ಟರ್ಬೈನನ್ನು ನೋಡಿಕೊಳ್ಳುವವರೂ ಇರುತ್ತಾರೆ ಎಂಬುದನ್ನು ನಾನು ನೇಪಾಳದ ಕಥೆಯಿಂದಲೇ ಕಲಿತೆ.

ಹಾಗಾಗಿ ವರ್ಕ್‌ಶಾಪನ್ನು ಆರಿಸುವಾಗ ಕಟ್ಟಡ ಎಷ್ಟು ದೊಡ್ಡದು, ಯಂತ್ರಗಳು ಎಷ್ಟು ಹೊಸವು ಎಂದು ನೋಡಲಿಲ್ಲ. ಸುತ್ತಲಿನ ಹಿಟ್ಟಿನ ಗಿರಣಿಗಳು ಕೆಟ್ಟಾಗ ಜನ ಯಾರಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿದೆ. ಒಂದೇ ಹೆಸರು ಮತ್ತೆ ಮತ್ತೆ ಬಂತು. ಅಲ್ಲಿನ ಹಿರಿಯ ಮೇಸ್ತ್ರಿ ಶಾಫ್ಟ್ ತಿರುಗುವ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೇ, ಬೆಲ್ಟ್ ಓರೆಯಾಗಿದೆಯೇ ಎಂದು ಹೇಳಬಲ್ಲವರಾಗಿದ್ದರು. ಟರ್ಬೈನ್‌ಗೂ ಗಿರಣಿಗಳಲ್ಲಿ ಬಳಸುವ ಅಳತೆಯ ಬೇರಿಂಗ್‌ಗಳನ್ನೇ ಇಡಬೇಕು ಎಂಬುದು ಅವರು ನನಗೆ ಹಾಕಿದ ಮೊದಲ ಷರತ್ತು. ಒಪ್ಪಿದೆ. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವಂತಿದ್ದರೆ ಅರ್ಧ ತಲೆನೋವು ಅಲ್ಲಿಗೇ ತೀರುತ್ತದೆ.

ಪೈಪಿನ ವಿಷಯ ಎದ್ದದ್ದು ಇಲ್ಲಿಯೇ. ಕ್ರಾಸ್‌ಫ್ಲೋ ಟರ್ಬೈನಿನ ಅಲಗುಗಳನ್ನು ಉಕ್ಕಿನ ಪೈಪನ್ನು ಉದ್ದಕ್ಕೆ ಸೀಳಿ ಮಾಡುತ್ತಾರೆ. ಪ್ರತಿ ಅಲಗು ವೃತ್ತದ ಸುಮಾರು 73 ಡಿಗ್ರಿಯಷ್ಟು ಭಾಗ. ಸೀಳುವಾಗ ಹೋಗುವ ಲೋಹವನ್ನೂ ಲೆಕ್ಕ ಹಿಡಿದರೆ ಒಂದು ತುಂಡು ಪೈಪಿನಲ್ಲಿ ನಾಲ್ಕು ಅಲಗು ಸಿಗುತ್ತವೆ. ಹೊರದೇಶದಿಂದ ಬಂದ ನಕ್ಷೆಯಲ್ಲಿ ರನ್ನರ್‌ನ, ಅಂದರೆ ಅಲಗುಗಳಿರುವ ತಿರುಗುವ ಚಕ್ರದ, ಹೊರವ್ಯಾಸ 300 ಮಿಲಿಮೀಟರ್ ಇತ್ತು. ಅದಕ್ಕೆ ಒಳ ತ್ರಿಜ್ಯ ಸುಮಾರು 49 ಮಿಲಿಮೀಟರ್ ಇರುವ ಪೈಪು ಬೇಕು. ಅಲ್ಲಿನ ಪೇಟೆಯಲ್ಲಿ ಅದು ಇರಲಿಲ್ಲ. ಮೇಸ್ತ್ರಿ ನಾಲ್ಕಿಂಚಿನ ಪೈಪಿನ ತುಂಡೊಂದನ್ನು ತಂದು ಮೇಜಿನ ಮೇಲಿಟ್ಟು, "ಇಂಜಿನಿಯರ್, ಇದು ಬೇಕಾದಷ್ಟು ಸಿಗುತ್ತದೆ. ಇದರಲ್ಲಿ ಮಾಡಿದರೆ ಏನಾಗುತ್ತದೆ?" ಎಂದು ಕೇಳಿದರು.

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. "ನಕ್ಷೆಯಲ್ಲಿ ಇದ್ದಂತೆ ಮಾಡಿ, ಪೈಪು ತರಿಸಿಕೊಡುತ್ತೇನೆ" ಎನ್ನುವುದು ಒಂದು. ಅದು ನನ್ನ ಅಧಿಕಾರದಲ್ಲೇ ಇತ್ತು. ಯೋಜನೆಯ ಹಣವೂ ಇತ್ತು. ಆದರೆ ನಾನು ಹೊರಟ ಮೇಲೆ ಮುಂದಿನ ಪೈಪು ತರಿಸುವವರು ಯಾರು? ಇನ್ನೊಂದು ಉತ್ತರ, ಏನಾಗುತ್ತದೆ ಎಂದು ಅವರ ಜೊತೆ ಕುಳಿತು ಲೆಕ್ಕ ಹಾಕುವುದು. ಕುಳಿತೆವು. ಅಲಗಿನ ಬಾಗಿನ ತ್ರಿಜ್ಯ ರನ್ನರ್ ವ್ಯಾಸದ 0.163ರಷ್ಟಿರಬೇಕು. ಅವರು ತಂದ ಪೈಪಿನ ಒಳ ತ್ರಿಜ್ಯ ಸುಮಾರು 53 ಮಿಲಿಮೀಟರ್. ಹಾಗಾದರೆ ರನ್ನರ್ 325 ಮಿಲಿಮೀಟರ್ ಆಗಬೇಕು. ರನ್ನರ್ ದೊಡ್ಡದಾದರೆ ವೇಗ ಇಳಿಯುತ್ತದೆ. ನೀರು ಬೀಳುವ ಎತ್ತರದ ವರ್ಗಮೂಲವನ್ನು 40ರಿಂದ ಗುಣಿಸಿ, ಮೀಟರ್‌ನಲ್ಲಿ ಅಳೆದ ವ್ಯಾಸದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಹತ್ತಿರಹತ್ತಿರ ಸಿಗುತ್ತದೆ. ನಮ್ಮ ಜಾಗದಲ್ಲಿ ಎತ್ತರ 20 ಮೀಟರ್. ಹಳೆಯ ರನ್ನರ್ ಆದರೆ ಸುಮಾರು 600 ಸುತ್ತು, ಹೊಸದು ಸುಮಾರು 550. ಜನರೇಟರ್‌ಗೆ ಬೇಕಾದದ್ದು 1500. ಅಂದರೆ ಬೆಲ್ಟ್ ಓಡುವ ಪುಲ್ಲಿಗಳ ಅನುಪಾತ ಎರಡೂವರೆಯಿಂದ ಸುಮಾರು 2.7ಕ್ಕೆ ಏರಬೇಕು. ಮೇಸ್ತ್ರಿ ನಕ್ಕರು. ಪುಲ್ಲಿ ಬದಲಿಸುವುದು ಅವರಿಗೆ ದಿನನಿತ್ಯದ ಕೆಲಸ.

ತಂತ್ರಜ್ಞಾನ ಕೈ ದಾಟಿದ್ದು ಆ ಮೇಜಿನ ಬಳಿ ಎಂದೇ ನಾನು ನಂಬುತ್ತೇನೆ. ಆಗಿನ್ನೂ ಒಂದು ತುಂಡು ಉಕ್ಕನ್ನೂ ಕತ್ತರಿಸಿರಲಿಲ್ಲ. ನಕ್ಷೆ ಕೊಟ್ಟರೆ ಅದೇ ಯಂತ್ರದ ಪ್ರತಿಗಳು ಹುಟ್ಟುತ್ತವೆ, ಅದೂ ಅದೇ ಸಾಮಗ್ರಿ ಸಿಗುವವರೆಗೆ ಮಾತ್ರ. ಲೆಕ್ಕ ಕೊಟ್ಟರೆ ಬೇರೆ ಎತ್ತರಕ್ಕೆ, ಬೇರೆ ಹೊಳೆಗೆ, ಬೇರೆ ಪೈಪಿಗೆ ಯಂತ್ರವನ್ನು ಹೊಂದಿಸಿಕೊಳ್ಳಬಹುದು.

ವೆಲ್ಡಿಂಗ್ ವಿಷಯದಲ್ಲಿ ಕಲಿಸುವವರು, ಕಲಿಯುವವರು ಎಂಬ ಭೇದ ಉಳಿಯಲಿಲ್ಲ. ತಟ್ಟೆಗಳಲ್ಲಿ ಅಲಗು ಕೂರುವ ಸೀಳುಗಳನ್ನು ಗುರುತಿಸಲು ತಗಡಿನ ಅಚ್ಚೊಂದನ್ನು ನಾನು ಮಾಡಿಸಿದೆ. ಎಲ್ಲ ಅಲಗುಗಳನ್ನು ಮೊದಲು ಚುಕ್ಕಿ ವೆಲ್ಡ್ ಮಾಡಿ ನಿಲ್ಲಿಸಬೇಕು. ಬಳಿಕ ಒಂದು ಅಲಗಾದ ಮೇಲೆ ಅದರ ನೇರ ಎದುರಿನದು, ಹೀಗೆ ಅಡ್ಡಡ್ಡ ದಾಟುತ್ತಾ ಹೋಗಬೇಕು. ಒಂದೇ ಕಡೆಯಿಂದ ಸಾಲಾಗಿ ವೆಲ್ಡ್ ಮಾಡುತ್ತಾ ಬಂದರೆ ಶಾಖಕ್ಕೆ ತಟ್ಟೆ ಸೊಟ್ಟಗಾಗುತ್ತದೆ. ಈ ಕ್ರಮವನ್ನು ನಾನು ಹೇಳಿದೆ. ಪ್ರತಿ ಅಲಗಿನ ನಂತರ ತಟ್ಟೆ ಕೈಗೆ ತಾಳುವಷ್ಟು ತಣಿಯುವವರೆಗೆ ಕಾಯಬೇಕು ಎಂಬ ನಿಯಮವನ್ನು ಸೇರಿಸಿದವರು ಮೇಸ್ತ್ರಿ. ಮುಗಿದ ರನ್ನರನ್ನು ಲೇತ್‌ಗೆ ಏರಿಸಿ ಡಯಲ್ ಗೇಜ್ ಇಟ್ಟು ಓಲಾಟ ನೋಡಿದೆವು. ಆಮೇಲೆ ಮಟ್ಟಸವಾದ ಎರಡು ಉಕ್ಕಿನ ಅಂಚುಗಳ ಮೇಲೆ ಶಾಫ್ಟನ್ನು ಇಟ್ಟು ಬಿಟ್ಟೆವು. ಭಾರದ ಬದಿ ತಾನಾಗಿ ಕೆಳಗೆ ಉರುಳುತ್ತದೆ. ಅದರ ಎದುರಿಗೆ ಚಿಕ್ಕ ತುಂಡೊಂದನ್ನು ವೆಲ್ಡ್ ಮಾಡಿ ಮತ್ತೆ ನೋಡಬೇಕು. ಹೇಗೆ ತಿರುಗಿಸಿಟ್ಟರೂ ಉರುಳದೆ ನಿಂತಾಗ ಸಮತೋಲ ಬಂದಂತೆ.

ಎಲ್ಲವನ್ನೂ ಬದಲಿಸಲು ಬಿಡುವಂತಿಲ್ಲ, ಅದನ್ನೂ ಹೇಳಬೇಕು. ವಿದ್ಯುತ್ತಿನ ಹೊರೆ ಇದ್ದಕ್ಕಿದ್ದಂತೆ ಕಡಿದರೆ ಈ ಟರ್ಬೈನ್ ತನ್ನ ಮಾಮೂಲಿ ವೇಗದ ಸುಮಾರು 1.8 ಪಟ್ಟು ಓಡಬಹುದು. ಶಾಫ್ಟ್‌ನ ದಪ್ಪ, ಪುಲ್ಲಿಯ ಗಟ್ಟಿತನ ಆ ವೇಗವನ್ನು ತಾಳಬೇಕು. ಗೇಟನ್ನು ಥಟ್ಟನೆ ಮುಚ್ಚಿದರೆ ಒಳಗಿನ ನೀರಿನ ಹೊಡೆತಕ್ಕೆ ಪೆನ್‌ಸ್ಟಾಕ್, ಅಂದರೆ ಟರ್ಬೈನ್‌ಗೆ ನೀರು ತರುವ ಕೊಳವೆ, ಸೀಳಬಹುದು. ಆದ್ದರಿಂದ ನಕ್ಷೆಗಳ ಮೇಲೆ ಮೂರು ಬಣ್ಣ ಬಳಿದೆ: ಹಸಿರು ಅಳತೆಯನ್ನು ಇಷ್ಟದಂತೆ ಬದಲಿಸಬಹುದು, ಹಳದಿಯನ್ನು ಬದಲಿಸಿದರೆ ಲೆಕ್ಕ ಮತ್ತೆ ಹಾಕಬೇಕು, ಕೆಂಪನ್ನು ಇಬ್ಬರು ಪರಿಶೀಲಿಸದೆ ಮುಟ್ಟಬಾರದು. ಬಣ್ಣದ ಯೋಚನೆ ಬಂದದ್ದು ರಾಜಸ್ಥಾನದ ತಿಲೋನಿಯಾದಲ್ಲಿರುವ ಬೇರ್‌ಫುಟ್ ಕಾಲೇಜಿನಿಂದ. ಆಫ್ರಿಕಾದ ಹಲವು ದೇಶಗಳಿಂದ ಬರುತ್ತಿದ್ದ, ಓದು ಬಾರದ ಹಳ್ಳಿಯ ಹೆಂಗಸರಿಗೆ ಅಲ್ಲಿ ಬಣ್ಣ ಮತ್ತು ಸನ್ನೆಗಳ ಮೂಲಕವೇ ಸೌರ ದೀಪಗಳ ಸರ್ಕ್ಯೂಟ್ ಜೋಡಿಸುವುದನ್ನು ಕಲಿಸುತ್ತಿದ್ದರು. ಭಾಷೆ ಇಲ್ಲದ ಕಡೆಯೂ ವಿದ್ಯೆ ದಾಟುತ್ತದೆ ಎಂಬುದಕ್ಕೆ ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಲೋಡ್ ಕಂಟ್ರೋಲರ್ ತಯಾರಿಕೆಯನ್ನು ನಾನು ವರ್ಗಾಯಿಸಲು ಹೋಗಲಿಲ್ಲ. ಮನೆಗಳಲ್ಲಿ ದೀಪ ಆರಿಸಿದಾಗ ಮಿಕ್ಕ ವಿದ್ಯುತ್ತನ್ನು ನೀರು ಕಾಯಿಸುವ ಹೀಟರ್‌ಗಳಿಗೆ ತಿರುಗಿಸಿ ವೇಗವನ್ನು ಹಿಡಿದಿಡುವ ಉಪಕರಣ ಅದು. ಬೋರ್ಡ್ ಬದಲಿಸುವುದು, ದೋಷ ಹುಡುಕುವುದು, ಹೀಟರ್ ಸುಟ್ಟರೆ ಹೊಸದು ಹಾಕುವುದು, ಇಷ್ಟನ್ನು ಕಲಿಸಿದೆವು. ವರ್ಷಕ್ಕೆ ಬೆರಳೆಣಿಕೆಯಷ್ಟು ಬೇಕಾಗುವ ಎಲೆಕ್ಟ್ರಾನಿಕ್ ವಸ್ತುವನ್ನು ಅಲ್ಲೇ ಮಾಡಿಸುವ ಹಟಕ್ಕೆ ಅರ್ಥವಿಲ್ಲ. ಸೌರ ಫಲಕಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಫಲಕವನ್ನು ಹೊರಗಿನಿಂದಲೇ ಕೊಳ್ಳಲಿ. ಆದರೆ ಎಷ್ಟು ಫಲಕ, ಎಷ್ಟು ಬ್ಯಾಟರಿ ಎಂದು ತೀರ್ಮಾನಿಸುವ ಲೆಕ್ಕ ಅಲ್ಲಿನವರದಾಗಿರಲಿ. 25 ಡಿಗ್ರಿಯಲ್ಲಿ ಅಳೆದು ಬರೆದ ವ್ಯಾಟ್‌ಗಳನ್ನು ನಂಬಿ, ಬಿಸಿಲಿಗೆ 60 ಡಿಗ್ರಿ ಕಾಯುವ ಛಾವಣಿಯ ಮೇಲೆ ಫಲಕ ಹೂಡಿದವರು, ಡಿಗ್ರಿಗೆ ಸುಮಾರು 0.4 ಶೇಕಡದಂತೆ ಇಳಿಯುವ ಉತ್ಪಾದನೆಯನ್ನು ಲೆಕ್ಕಕ್ಕೆ ತಂದಿರುವುದಿಲ್ಲ. ಸಂಜೆ ಬ್ಯಾಟರಿ ಬರಿದಾದಾಗ ಬೈಗುಳ ತಿನ್ನುವುದು ಫಲಕ.

ಅತಿ ಹೆಚ್ಚು ಹೋರಾಡಬೇಕಾಗಿ ಬಂದದ್ದು ವರ್ಕ್‌ಶಾಪಿನಲ್ಲಿ ಅಲ್ಲ, ಒಪ್ಪಂದದ ಕಾಗದದಲ್ಲಿ. ಹಣ ಕೊಟ್ಟ ಸಂಸ್ಥೆಯ ಕರಡಿನಲ್ಲಿ, ವಿನ್ಯಾಸದ ಯಾವುದೇ ಬದಲಾವಣೆಗೆ ಮೂಲ ವಿನ್ಯಾಸಕಾರರ ಲಿಖಿತ ಒಪ್ಪಿಗೆ ಬೇಕು ಎಂದಿತ್ತು. ಗುಣಮಟ್ಟ ಕಾಯುವುದಕ್ಕಾಗಿ ಎಂದರು. ಆ ಕಾಳಜಿ ಸುಳ್ಳಲ್ಲ. ಆದರೆ ಆ ಸಾಲು ಹಾಗೆಯೇ ಉಳಿದಿದ್ದರೆ ನಾಲ್ಕಿಂಚಿನ ಪೈಪಿನ ರನ್ನರ್ ಒಪ್ಪಂದದ ಉಲ್ಲಂಘನೆಯಾಗುತ್ತಿತ್ತು. ನಾನು ಬಣ್ಣ ಬಳಿದ ನಕ್ಷೆಗಳನ್ನೇ ಸಭೆಗೆ ಒಯ್ದೆ. ಕೆಂಪು ಅಳತೆಗಳಿಗೆ ಒಪ್ಪಿಗೆ ಬೇಕೆಂಬುದು ಉಳಿಯಲಿ, ಹಸಿರು ಮತ್ತು ಹಳದಿ ವರ್ಕ್‌ಶಾಪಿಗೆ ಸೇರಲಿ ಎಂದು ವಾದಿಸಿದೆ. ಬಹಳ ಪತ್ರ ವ್ಯವಹಾರದ ಬಳಿಕ ಹಾಗೆಯೇ ಆಯಿತು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು: ನಿಮ್ಮ ಒಪ್ಪಂದದಲ್ಲಿ ಬದಲಿಸುವ ಹಕ್ಕು ಯಾರಿಗಿದೆ?

ದೊಡ್ಡ ಕಂಪನಿಗಳ ಇತಿಹಾಸವೂ ಇದನ್ನೇ ತೋರಿಸುತ್ತದೆ. ಚೀನಾದ ಗೋಲ್ಡ್‌ವಿಂಡ್ ಜರ್ಮನಿಯ ಕಂಪನಿಗಳಿಂದ ಪರವಾನಗಿ ಪಡೆದು ಗಾಳಿಯಂತ್ರ ತಯಾರಿಸಲು ಶುರುಮಾಡಿತು. ಬಳಿಕ ವೆನ್ಸಿಸ್ ಎಂಬ ವಿನ್ಯಾಸ ಸಂಸ್ಥೆಯ ಜೊತೆ ಸೇರಿ ಹೊಸ ಯಂತ್ರ ರೂಪಿಸಿ, 2008ರಲ್ಲಿ ಆ ಸಂಸ್ಥೆಯ ಬಹುಪಾಲನ್ನೇ ಕೊಂಡಿತು. ಭಾರತದ ಸುಜ್ಲಾನ್ ಕೂಡ 1995ರಲ್ಲಿ ಜರ್ಮನ್ ತಂತ್ರಜ್ಞಾನದೊಂದಿಗೆ ಹೊರಟು 2007ರಲ್ಲಿ ಆರ್‌ಇಪವರ್ ಎಂಬ ಜರ್ಮನ್ ಕಂಪನಿಯ ಹಿಡಿತ ಪಡೆಯಿತು. ಅವರಿಗೆ ಬಂಡವಾಳವಿತ್ತು, ಹಾಗಾಗಿ ವಿನ್ಯಾಸದ ಹಕ್ಕನ್ನು ಕೊಳ್ಳಬಲ್ಲವರಾದರು. ಸಣ್ಣ ವರ್ಕ್‌ಶಾಪಿಗೆ ಅದನ್ನು ಒಪ್ಪಂದದಲ್ಲೇ ಬರೆದುಕೊಡಬೇಕು.

ಮೊದಲ ಘಟಕದ ಲೆಕ್ಕ ಹೀಗಿತ್ತು: ಸೆಕೆಂಡಿಗೆ 50 ಲೀಟರ್ ನೀರು, 20 ಮೀಟರ್ ಎತ್ತರ. ಕಾಗದದ ಮೇಲೆ 9.8 ಕಿಲೋವ್ಯಾಟ್, ಕೊಳವೆ, ಟರ್ಬೈನ್, ಬೆಲ್ಟ್, ಜನರೇಟರ್ ಎಲ್ಲರೂ ತಮ್ಮ ಪಾಲು ಕಳೆದ ಮೇಲೆ ತಂತಿಗೆ ಬರುವುದು ಅದರ ಅರ್ಧ. ಹಗಲು ಗಿರಣಿ, ಸಂಜೆ ಮನೆಗಳು. ಯಂತ್ರ ನೋಡಿಕೊಳ್ಳುವವನ ಸಂಬಳ ಗಿರಣಿಯ ಆದಾಯದಿಂದಲೇ ಬರಬೇಕೆಂದು ಮೊದಲೇ ಊರಿನವರ ಜೊತೆ ತೀರ್ಮಾನಿಸಿದ್ದೆವು.

ಈಗ ಆ ಮೇಸ್ತ್ರಿ ಪಕ್ಕದ ಕಣಿವೆಯ ಇನ್ನೊಂದು ವರ್ಕ್‌ಶಾಪಿಗೆ ಕಲಿಸುತ್ತಿದ್ದಾರೆ. ಎಲೆ, ಕಡ್ಡಿ ಸಿಕ್ಕಿಕೊಂಡಾಗ ಕವಚ ಬಿಚ್ಚಬೇಕಾದ ಕಷ್ಟ ತಪ್ಪಿಸಲು ಅವರ ಹೊಸ ಯಂತ್ರಗಳಲ್ಲಿ ಕೈ ಹಾಕುವಷ್ಟು ಕಿಂಡಿಯೊಂದು ಇರುತ್ತದೆ. ನನ್ನ ನಕ್ಷೆಯಲ್ಲಿ ಅದಿಲ್ಲ. 40 ಮೀಟರ್ ಎತ್ತರದ ಜಾಗವೊಂದಕ್ಕೆ ಅವರು ಹಾಕಿದ ಲೆಕ್ಕ ಈಗ ನನ್ನ ಮುಂದಿದೆ. ತಟ್ಟೆ ಮತ್ತು ಶಾಫ್ಟ್‌ನ ದಪ್ಪ ಕೆಂಪು ಅಳತೆಗಳಾದ್ದರಿಂದ ಎರಡನೆಯ ಪರಿಶೀಲಕನಾಗಿ ನನಗೆ ಕಳುಹಿಸಿದ್ದಾರೆ. ಆದರೆ ಆ ಎತ್ತರದಲ್ಲಿ ಓಡುವ ವೇಗಕ್ಕೆ ರನ್ನರನ್ನು ಅಂಚುಗಳ ಮೇಲಿಟ್ಟು ನೋಡುವುದಷ್ಟೇ ಸಾಲದು, ತಿರುಗಿಸುತ್ತಾ ಸಮತೋಲ ನೋಡುವ ಯಂತ್ರ ಬೇಕು. ಅದಕ್ಕೆ ಹಣ ಎಲ್ಲಿಂದ ಎಂಬುದು ಇನ್ನೂ ಬಗೆಹರಿದಿಲ್ಲ. ಎರಡೂ ವರ್ಕ್‌ಶಾಪುಗಳು ಸೇರಿ ಒಂದನ್ನೇ ಕೊಳ್ಳುವ ಮಾತು ನಡೆಯುತ್ತಿದೆ.